ಹುಲಿ ಚಾಪೆ ಮೇಲೆ ಉಂಟು: ಮನೆಯ ಸ್ಪೀಚ್ ಥೆರಪಿಗೆ ಎಆರ್ ಬಳಸುವ ಬಗೆ

ಮಂಗಳೂರಿನ ಕುಲಶೇಖರದ ನಮ್ಮ ಮನೆಯ ಹಾಲ್‌ನದ್ದು ಹಳೆಯ ರೆಡ್ ಆಕ್ಸೈಡ್ ನೆಲ. ಅತ್ತೆ ಅದನ್ನು ಉಜ್ಜಿ ಉಜ್ಜಿ ಕನ್ನಡಿಯ ಹಾಗೆ ಮಾಡಿ ಇಟ್ಟಿದ್ದಾರೆ. ಮಗನಿಗೆ ಮೊದಲ ಸಲ ಫೋನಿನಲ್ಲಿ ಹುಲಿ ತೋರಿಸಲು ಹೊರಟಾಗ ಹುಲಿ ಆ ನೆಲದಲ್ಲಿ ನಿಲ್ಲಲೇ ಇಲ್ಲ. ಒಮ್ಮೆ ಗೋಡೆಯೊಳಗೆ ನುಗ್ಗಿತು, ಒಮ್ಮೆ ಫ್ಯಾನಿನ ಹತ್ತಿರ ತೇಲಿತು. ಎರಡು ದಿನ ಫೋನನ್ನೇ ಬೈದೆ. ಮೂರನೆಯ ದಿನ ಮಧ್ಯಾಹ್ನ ಅತ್ತೆ ಮಲಗಲೆಂದು ಚಾಪೆ ಹಾಸಿದ್ದರು. ಅದರ ಕಡೆಗೆ ಫೋನ್ ತಿರುಗಿಸಿದ್ದೇ ತಡ, ಹುಲಿ ಗಟ್ಟಿಯಾಗಿ ನಿಂತಿತು. ಮಗ ಎರಡು ಹೆಜ್ಜೆ ಹಿಂದೆ ಸರಿದು "ಪಿಲಿ!" ಅಂದ. ತುಳುವಿನಲ್ಲಿ ಹುಲಿಗೆ ಪಿಲಿ. ಅವನಿಗೆ ಆಗ ಮೂರೂವರೆ ವರ್ಷ, ಬಾಯಲ್ಲಿ ಇದ್ದದ್ದು ಹೆಚ್ಚೆಂದರೆ ನಲವತ್ತು ಪದ.

ನಾನು ಥೆರಪಿಸ್ಟ್ ಅಲ್ಲ, ತಾಯಿ. ವಾರಕ್ಕೊಮ್ಮೆ ಬಸ್ಸು ಹಿಡಿದು ಥೆರಪಿಗೆ ಹೋಗಿ, ಉಳಿದ ಆರು ದಿನ ಮನೆಯಲ್ಲಿ ಅವರು ಹೇಳಿದ್ದನ್ನು ಮಾಡಿಸುವವಳು. ಆ ಆರು ದಿನಗಳಲ್ಲಿ ಆಗ್ಮೆಂಟೆಡ್ ರಿಯಾಲಿಟಿ, ಅಂದರೆ ಎಆರ್, ಎಲ್ಲಿ ಕೆಲಸಕ್ಕೆ ಬರುತ್ತದೆ, ಎಲ್ಲಿ ಸುಮ್ಮನೆ ಆಟ ಆಗುತ್ತದೆ ಎಂದು ತಪ್ಪಿ ತಪ್ಪಿ ಕಲಿತದ್ದನ್ನು ಬರೆಯುತ್ತಿದ್ದೇನೆ.

ಎಆರ್ ಅಂದರೆ ದೊಡ್ಡ ವಿಷಯವೇನಲ್ಲ. ಫೋನಿನ ಕ್ಯಾಮೆರಾದಲ್ಲಿ ನಮ್ಮದೇ ಕೋಣೆ ಕಾಣುತ್ತಿರುತ್ತದೆ, ಅದರೊಳಗೆ ಇಲ್ಲದ ಒಂದು ವಸ್ತುವನ್ನು ಫೋನು ತಂದು ನಿಲ್ಲಿಸುತ್ತದೆ. 2016ರಲ್ಲಿ ಪೋಕೆಮಾನ್ ಗೋ ಎಂಬ ಮೊಬೈಲ್ ಆಟ ಬಂದಾಗ ಹುಡುಗರು ಬೀದಿ ಬೀದಿ ಸುತ್ತಿ ಹಿಡಿದದ್ದು ಇದನ್ನೇ. ಕಾರ್ಟೂನಿಗೂ ಇದಕ್ಕೂ ಇರುವ ವ್ಯತ್ಯಾಸ ಒಂದೇ: ಕಾರ್ಟೂನಿನ ಹುಲಿ ಯಾವುದೋ ಕಾಡಿನಲ್ಲಿರುತ್ತದೆ, ಈ ಹುಲಿ ನಮ್ಮ ಚಾಪೆಯ ಮೇಲಿರುತ್ತದೆ. ಮಾತು ಕಲಿಸಲು ಬೇಕಾದದ್ದು ಈ ವ್ಯತ್ಯಾಸವೇ. "ಎಲ್ಲಿ ಉಂಟು?" ಎಂದು ಕೇಳಿದರೆ ಮಗು ತನ್ನ ಮನೆಯನ್ನೇ ನೋಡಿ ಉತ್ತರ ಕೊಡಬೇಕಾಗುತ್ತದೆ.

ಫೋನು ಮುಟ್ಟುವ ಮೊದಲು

ಮಾತು ತಡವಾದ ಮಗುವಿಗೆ ಮೊದಲು ಆಗಬೇಕಾದದ್ದು ಕಿವಿಯ ಪರೀಕ್ಷೆ. "ಕರೆದರೆ ತಿರುಗಿ ನೋಡ್ತಾನೆ, ಕಿವಿ ಸರಿ ಉಂಟು" ಅನ್ನುವುದು ಪರೀಕ್ಷೆಯಲ್ಲ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಕೆಲವು ಸ್ವರಗಳಷ್ಟೇ ಕೇಳಿಸುವ ಮಕ್ಕಳೂ ಹೆಸರು ಕರೆದರೆ ತಿರುಗುತ್ತಾರೆ. ಎರಡು ವರ್ಷ ತುಂಬಿದರೂ "ಅಮ್ಮ ಬಾ", "ಹಾಲು ಬೇಕು" ಎಂಬಂತೆ ಎರಡು ಪದ ಕೂಡಿಸದಿದ್ದರೆ ತೋರಿಸಿ. ಬಂದಿದ್ದ ಮಾತು ನಿಂತುಹೋಗಿದ್ದರೆ ವಯಸ್ಸು ಎಷ್ಟೇ ಇರಲಿ, ಮರುದಿನವೇ ಹೋಗಿ. "ಅವನ ಅಪ್ಪನೂ ತಡವಾಗಿ ಮಾತಾಡಿದ್ದು" ಎಂದು ನೆಂಟರು ಹೇಳುತ್ತಾರೆ. ಹೇಳಲಿ.

ಈ ವಿಷಯದಲ್ಲಿ ದಕ್ಷಿಣ ಕನ್ನಡ, ಉಡುಪಿ, ನಮ್ಮ ಈ ಎರಡು ಜಿಲ್ಲೆಗಳ ಅದೃಷ್ಟ ದೊಡ್ಡದು. ವಾಕ್ ಮತ್ತು ಶ್ರವಣದ ಪದವಿ ಕಲಿಸುವ ಕಾಲೇಜುಗಳು ಮಂಗಳೂರಿನ ಕಂಕನಾಡಿಯಲ್ಲೂ ಉಂಟು, ಮಣಿಪಾಲದಲ್ಲೂ ಉಂಟು. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ರಾತ್ರಿ ಬಸ್ಸಿನ ದೂರದಲ್ಲಿದೆ. ಯಾರ ಹತ್ತಿರ ಹೋದರೂ ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇದೆಯೇ ಎಂದು ಕೇಳಿ, ಸಂಕೋಚ ಬೇಡ.

ಮನೆಯಲ್ಲಿ ತುಳು, ಅಂಗನವಾಡಿಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಕೊಂಕಣಿ ಅಥವಾ ಬ್ಯಾರಿ ಇದ್ದರೆ ಮಗುವಿಗೆ ಗೊಂದಲವಾಗಿ ಮಾತು ನಿಲ್ಲುತ್ತದೆ ಎಂಬ ಮಾತು ನನಗೂ ಬಂತು. ಹೆಚ್ಚು ಭಾಷೆಗಳಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ಅತ್ತೆ ತುಳುವಿನಲ್ಲೇ ಮಾತಾಡಲಿ, ನಾವು ಕನ್ನಡದಲ್ಲಿ. ಪದ ಲೆಕ್ಕ ಹಾಕುವಾಗ "ಪಿಲಿ"ಯೂ ಒಂದು ಪದವೇ.

ಥೆರಪಿಸ್ಟ್ ಹತ್ತಿರ ಒಂದೇ ಗುರಿ ಬರೆಸಿಕೊಳ್ಳಿ. "ಮಾತು ಬರಬೇಕು" ಅನ್ನುವುದು ಗುರಿಯಲ್ಲ. ನಮಗೆ ಮೊದಲ ಹದಿನೈದು ದಿನಕ್ಕೆ ಸಿಕ್ಕಿದ್ದು "ಮೇಲೆ, ಪಕ್ಕ, ದೂರ, ಈ ಮೂರನ್ನು ಎರಡು ಪದದ ಮಾತಿನಲ್ಲಿ ಹೇಳುವುದು". ಅಷ್ಟೇ.

ಯಾವ ಫೋನು, ಯಾವ ಆ್ಯಪ್

ಹೊಸ ಫೋನು ಬೇಡ. ಆಂಡ್ರಾಯ್ಡ್ ಆದರೆ ಪ್ಲೇ ಸ್ಟೋರಿನಲ್ಲಿ 'ಗೂಗಲ್ ಪ್ಲೇ ಸರ್ವೀಸಸ್ ಫಾರ್ ಎಆರ್' ಎಂದು ಹುಡುಕಿ. ಇನ್‌ಸ್ಟಾಲ್ ಆಗುತ್ತದೆ ಎಂದರೆ ನಿಮ್ಮ ಫೋನಿಗೆ ಎಆರ್ ಹೊಂದುತ್ತದೆ, ಹೊಂದುವುದಿಲ್ಲ ಎಂದು ಅದೇ ಹೇಳಿದರೆ ಅಲ್ಲಿಗೆ ಮುಗಿಯಿತು. ಐಫೋನಿನಲ್ಲಿ 6ಎಸ್ ಮತ್ತು ಅದರ ನಂತರದವುಗಳಿಗೆಲ್ಲ ಬರುತ್ತದೆ.

ದುಡ್ಡು ಕೊಡುವ ಆ್ಯಪ್‌ಗಳಿಗೆ ಈಗಲೇ ಹೋಗಬೇಡಿ. ಗೂಗಲ್ಲಿನಲ್ಲಿ ಇಂಗ್ಲಿಷಿನಲ್ಲಿ ಟೈಗರ್ ಎಂದು ಹುಡುಕಿದರೆ ಕೆಲವು ಫೋನುಗಳಲ್ಲಿ 'ವ್ಯೂ ಇನ್ 3ಡಿ' ಎಂಬ ಗುಂಡಿ ಬರುತ್ತಿತ್ತು, ಈಗ ಬಾರದೆಯೂ ಇರಬಹುದು. ಬಂದರೆ ಅದನ್ನು ಒತ್ತಿ, ಆಮೇಲೆ 'ವ್ಯೂ ಇನ್ ಯುವರ್ ಸ್ಪೇಸ್' ಒತ್ತಿದರೆ ಹುಲಿ ನಿಮ್ಮ ಕೋಣೆಗೆ ಬರುತ್ತದೆ. ಹುಲಿ ಮಾತ್ರವಲ್ಲ, ಬಾತುಕೋಳಿ, ಕುದುರೆ, ಆಡು, ಆಮೆ, ಶಾರ್ಕ್ ಕೂಡ. ಗುಂಡಿ ಬರದಿದ್ದರೆ ಕ್ವಿವರ್ ಎಂಬ ಆ್ಯಪ್ ನೋಡಿ: ಅದರ ಚಿತ್ರದ ಹಾಳೆ ಪ್ರಿಂಟ್ ತೆಗೆದು ಮಗು ಬಣ್ಣ ತುಂಬಿದ ಮೇಲೆ ಫೋನು ಹಿಡಿದರೆ ಆ ಚಿತ್ರ ಅದೇ ಬಣ್ಣದಲ್ಲಿ ಎದ್ದು ನಿಲ್ಲುತ್ತದೆ. ನೆಲದ ತಲೆನೋವು ಅದಕ್ಕಿಲ್ಲ, ಹಾಳೆಯೇ ನೆಲ.

ನಮ್ಮ ಬಂಗುಡೆ, ಬೂತಾಯಿ ಮೀನು ಯಾವುದರಲ್ಲೂ ನನಗೆ ಸಿಕ್ಕಿಲ್ಲ. ಸಿಗಬೇಕಾಗಿಯೂ ಇಲ್ಲ. ಮನೆಗೆ ತರಲು ಆಗದ್ದಕ್ಕೆ ಮಾತ್ರ ಎಆರ್ ಸಾಕು. ಅಡುಗೆಮನೆಯಲ್ಲಿ ತೆಂಗಿನಕಾಯಿ ಇರುವಾಗ ಫೋನಿನ ಕಾಯಿ ಯಾಕೆ ಮಾರಾಯ್ರೆ? ನಿಜವಾದ ಕಾಯಿಗೆ ಭಾರ ಉಂಟು, ಸಿಪ್ಪೆ ಉಂಟು, ಕುಲುಕಿದರೆ ನೀರಿನ ಸದ್ದು ಉಂಟು.

ಕೋಣೆ ಸಿದ್ಧ ಮಾಡುವುದು

ಫೋನು ನೆಲವನ್ನು ಗುರುತಿಸುವುದು ಅದರ ಮೇಲಿರುವ ಗೆರೆ, ಕಲೆ, ಮೂಲೆಗಳನ್ನು ಹಿಡಿದು. ಹೊಳೆಯುವ ಕಾವಿ ನೆಲದಲ್ಲಿ, ಬಿಳಿ ವಿಟ್ರಿಫೈಡ್ ಟೈಲ್ಸಿನಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ. ಸಾಲದ್ದಕ್ಕೆ ಫ್ಯಾನಿನ ಪ್ರತಿಬಿಂಬ ಅಲ್ಲಿ ತಿರುಗುತ್ತಿರುತ್ತದೆ. ಹುಲಿ ತೇಲುವುದು ಅದಕ್ಕೆ. ಚಿತ್ತಾರ ಇರುವ ಚಾಪೆ ಹಾಸಿ, ಇಲ್ಲವಾದರೆ ಉದಯವಾಣಿಯ ನಾಲ್ಕು ಪುಟ ಹರಡಿ. ಫೋನನ್ನು ಚಾಪೆಯ ಕಡೆಗೆ ಬಗ್ಗಿಸಿ ನಿಧಾನ ಅತ್ತಿತ್ತ ಆಡಿಸಿದರೆ ಕೆಲವು ಸೆಕೆಂಡಿನಲ್ಲಿ ಹಿಡಿಯುತ್ತದೆ.

ಬೆಳಕು ಬೇಕು. ಆಷಾಢದ ಮಧ್ಯಾಹ್ನ ಮೂರಕ್ಕೇ ಕತ್ತಲು ಕವಿಯುವ ನಮ್ಮ ಊರಿನಲ್ಲಿ ಲೈಟು ಹಾಕದೆ ಆಗದು. ಕರೆಂಟು ಹೋದರೆ ಆ ದಿನ ಪುಸ್ತಕ ಹಿಡಿಯಿರಿ.

ಮಗು ಫೋನಿನ ಪರದೆ ನೋಡಿಕೊಂಡು ಹಿಂದೆ ಹಿಂದೆ ನಡೆಯುತ್ತದೆ. ಹೊಸ್ತಿಲು, ಮೆಟ್ಟಿಲು, ಸ್ಟೂಲು ಇಲ್ಲದ ಜಾಗ ಆರಿಸಿ, ಅಂಗಳದಲ್ಲಂತೂ ಬೇಡವೇ ಬೇಡ. ಫೋನು ಯಾವಾಗಲೂ ನಿಮ್ಮ ಕೈಯಲ್ಲೇ ಇರಲಿ. ಮಗುವಿನ ಕೈಗೆ ಕೊಟ್ಟ ಕ್ಷಣದಿಂದ ಅದು ಥೆರಪಿ ಅಲ್ಲ, ಅದು ಮೊಬೈಲು. ಕರೆ ಬಾರದ ಹಾಗೆ ಏರೋಪ್ಲೇನ್ ಮೋಡ್ ಹಾಕಿ (ಗೂಗಲ್ ಹುಲಿಗೆ ಇಂಟರ್ನೆಟ್ ಬೇಕು, ಆದ್ದರಿಂದ ವೈಫೈ ಇದ್ದರೆ ಅದನ್ನು ಮಾತ್ರ ಆನ್ ಮಾಡಿ). ಶಬ್ದ ಪೂರ್ತಿ ಬಂದ್. ಹುಲಿ ಗರ್ಜಿಸುತ್ತಿದ್ದರೆ ಮಗು ಮಾತಾಡುವುದಿಲ್ಲ, ಕೇಳುತ್ತಾ ನಿಲ್ಲುತ್ತದೆ.

ಹತ್ತು ನಿಮಿಷ ಹೇಗೆ ಕಳೆಯುವುದು

ಎರಡರಿಂದ ಐದು ವರ್ಷದ ಮಕ್ಕಳಿಗೆ ದಿನಕ್ಕೆ ಎಲ್ಲ ಪರದೆ ಸೇರಿ ಒಂದು ಗಂಟೆಗಿಂತ ಹೆಚ್ಚು ಬೇಡ, ಎರಡರೊಳಗಿನವರಿಗೆ ಬೇಡವೇ ಬೇಡ ಎಂದು ಭಾರತೀಯ ಮಕ್ಕಳ ವೈದ್ಯರ ಸಂಘ ಹೇಳುತ್ತದೆ. ಥೆರಪಿಯ ಹೆಸರಿನಲ್ಲಿ ನೋಡಿದ್ದೂ ಆ ಲೆಕ್ಕಕ್ಕೇ ಬರುತ್ತದೆ. ನಮ್ಮಲ್ಲಿ ಒಟ್ಟು ಹತ್ತು ನಿಮಿಷ, ಅದರಲ್ಲಿ ಫೋನು ಐದು ನಿಮಿಷ.

ಮೊದಲ ಎರಡು ಮೂರು ನಿಮಿಷ ಕೈಗೆ ಸಿಗುವ ವಸ್ತು. ಲೋಟ ಚಾಪೆಯ ಮೇಲೆ, ಲೋಟ ಕುರ್ಚಿಯ ಮೇಲೆ. ಆಮೇಲೆ ಹುಲಿ ಬರುತ್ತದೆ. ಒಂದು ದಿನದ ಮಾತು ಹೀಗಿತ್ತು:

"ಹುಲಿ ಎಲ್ಲಿ ಉಂಟು?"

ಇಲ್ಲಿ ಬಾಯಿ ಮುಚ್ಚಿಕೊಳ್ಳಬೇಕು. ಮನಸ್ಸಿನಲ್ಲೇ ಒಂದರಿಂದ ಐದರವರೆಗೆ ಎಣಿಸಬೇಕು. ಇಡೀ ಥೆರಪಿಯಲ್ಲಿ ನನಗೆ ಕಷ್ಟವಾದದ್ದು ಇದೊಂದೇ.

"ಹುಲಿ," ಅಂದ.

"ಹೌದು, ಹುಲಿ. ಹುಲಿ ಚಾಪೆ ಮೇಲೆ ಉಂಟು."

ಹುಲಿಯನ್ನು ಬೆರಳಿನಿಂದ ಎಳೆದು ಮಂಚದ ಮೇಲಿಟ್ಟೆ. "ಈಗ ಎಲ್ಲಿ ಉಂಟು?"

ಒಂದು, ಎರಡು, ಮೂರು.

"ಮೇಲೆ."

"ಮಂಚದ ಮೇಲೆ! ಹುಲಿ ಮಂಚದ ಮೇಲೆ ಉಂಟು. ಅಜ್ಜಿಗೆ ಹೇಳುವನಾ?"

ಅಡುಗೆಮನೆಗೆ ಓಡಿ ಅಜ್ಜಿಯ ಸೆರಗು ಎಳೆದು, "ಪಿಲಿ... ಮಂಚ ಮೇಲೆ!" ಎಂದ. ಬೇಕಾಗಿದ್ದ ಎರಡು ಪದ ಬಂದದ್ದು ಫೋನಿನ ಎದುರು ಅಲ್ಲ, ಅಜ್ಜಿಯ ಎದುರು. ಹುಲಿ ನೋಡದ ಒಬ್ಬರು ಮನೆಯಲ್ಲಿ ಇರಲೇಬೇಕು ಎಂದು ಅವತ್ತು ಗೊತ್ತಾಯಿತು. ಗೊತ್ತಿದ್ದವರಿಗೆ ಹೇಳುವುದಕ್ಕೆ ಏನಿದೆ? ಅಂದಿನಿಂದ ಅತ್ತೆಗೆ ಆ ಐದು ನಿಮಿಷ ಹಾಲ್‌ಗೆ ಪ್ರವೇಶವಿಲ್ಲ.

ಇದರಲ್ಲಿ ಗಮನಿಸಿ: ನಾನು ಒಮ್ಮೆಯೂ "ಹೇಳು, ಹೇಳು ಪುಟ್ಟ" ಅನ್ನಲಿಲ್ಲ. ಹಾಗೆ ಅಂದರೆ ಅವನು ಬಾಯಿ ಬಿಗಿದುಕೊಳ್ಳುತ್ತಾನೆ. ಅವನು ಹೇಳಿದ್ದಕ್ಕೆ ಒಂದೆರಡು ಪದ ಸೇರಿಸಿ ಸರಿಯಾದ ರೂಪದಲ್ಲಿ ತಿರುಗಿ ಹೇಳುತ್ತೇನೆ, ಅಷ್ಟೇ. "ಇದೆ" ಎಂದು ಪುಸ್ತಕದ ಕನ್ನಡ ಕಲಿಸುವುದೂ ಇಲ್ಲ, ಮನೆಯಲ್ಲಿ ನಾವು ಹೇಳುವುದು "ಉಂಟು". ಉತ್ತರ ಬಾರದಿದ್ದರೆ ಎರಡರಲ್ಲಿ ಒಂದು ಆರಿಸಲು ಕೊಡಬಹುದು: "ಹುಲಿ ಚಾಪೆ ಮೇಲಾ, ಮಂಚದ ಮೇಲಾ?" ಅದಕ್ಕೂ ಬಾರದಿದ್ದರೆ ನೀವೇ ಹೇಳಿ ಮುಂದೆ ಹೋಗಿ.

ಇನ್ನೊಂದು ತಾಂತ್ರಿಕ ಕಿರಿಕಿರಿ ಉಂಟು. ಹುಲಿಯನ್ನು ಮೇಜಿನ ಹಿಂದೆ ಇಡಲು ನೋಡಿದೆ. ಅದು ಹಿಂದೆ ಹೋಗಿ ಮರೆಯಾಗುವ ಬದಲು ಮೇಜಿನ ಮೇಲೇ ಚಿತ್ರ ಅಂಟಿಸಿದ ಹಾಗೆ ಕಂಡಿತು. ಯಾವ ವಸ್ತು ಎಷ್ಟು ದೂರದಲ್ಲಿದೆ ಎಂದು ಎಲ್ಲ ಫೋನಿಗೂ ತಿಳಿಯುವುದಿಲ್ಲ. ನಾನು "ಹಿಂದೆ" ಅನ್ನುತ್ತೇನೆ, ಮಗುವಿಗೆ ಕಾಣುವುದು ಎದುರು. ಹೀಗೆ ತಪ್ಪು ಕಲಿಸುವುದಕ್ಕಿಂತ ಕಲಿಸದಿರುವುದು ವಾಸಿ. ಆದ್ದರಿಂದ ಮೇಲೆ, ಪಕ್ಕ, ಹತ್ತಿರ, ದೂರ ಇವಕ್ಕೆ ಎಆರ್ ಬಳಸಿ. ಒಳಗೆ, ಹಿಂದೆ, ಕೆಳಗೆ ಇವಕ್ಕೆ ಪಾತ್ರೆ, ಬಾಗಿಲು, ಬುಟ್ಟಿಯೇ ಸರಿ. ಎರಡು ಬೆರಳಿನಿಂದ ಹಿಗ್ಗಿಸಿ ಕುಗ್ಗಿಸಬಹುದಾದ್ದರಿಂದ ದೊಡ್ಡದು, ಸಣ್ಣದು ಕಲಿಸಲು ಇದರಷ್ಟು ಒಳ್ಳೆಯದು ಬೇರೆ ಇಲ್ಲ. ಆದರೆ ಮೊದಲ ದಿನ ಹುಲಿಯನ್ನು ಬೆಕ್ಕಿನಷ್ಟು ಸಣ್ಣದು ಮಾಡಿಯೇ ತೋರಿಸಿ, ನಿಜವಾದ ಗಾತ್ರಕ್ಕೆ ಹೆದರಿ ಅಳುವ ಮಕ್ಕಳೂ ಇದ್ದಾರೆ.

ಕೊನೆಯ ಎರಡು ನಿಮಿಷ ಫೋನು ಆಫ್. "ಹುಲಿ ಎಂತ ಮಾಡಿತು?" ಎಂದು ನೆನಪಿನಿಂದ ಹೇಳಿಸುವುದು, ಅಥವಾ ಅವನೇ ಹುಲಿಯಾಗಿ ನಡೆಯುವುದು. ಫೋನು ಕಿತ್ತುಕೊಂಡಾಗ ಅಳು ಬರುವುದು ಇಲ್ಲಿಯೇ. ನಮ್ಮ ಉಪಾಯ: "ಹುಲಿಗೆ ಟಾಟಾ ಮಾಡು" ಎಂದು ಅವನ ಬೆರಳಿನಿಂದಲೇ ಆಫ್ ಮಾಡಿಸುವುದು. ಒಂದು ವಾರ ಅತ್ತ, ಆಮೇಲೆ ರೂಢಿಯಾಯಿತು. ಒಂದೇ ಆಟವನ್ನು ಮತ್ತೆ ಮತ್ತೆ ಹಿಡಿದು ಬಿಡದ ಮಕ್ಕಳಿಗೆ, ಫಿಟ್ಸ್ ಬರುವ ಮಕ್ಕಳಿಗೆ ಇದೆಲ್ಲ ಬೇಕೋ ಬೇಡವೋ ಎಂದು ಡಾಕ್ಟರ ಹತ್ತಿರ ಕೇಳಿಯೇ ಶುರು ಮಾಡಿ.

ಉಚ್ಚಾರಕ್ಕೆ ಎಆರ್: ಅರ್ಧ ಸತ್ಯ

ಮುಖಕ್ಕೆ ಕಿವಿ ಮೂಗು ಅಂಟಿಸುವ ಫಿಲ್ಟರುಗಳೂ ಎಆರ್ ಆಟವೇ. ಬಾಯಿ ತೆರೆದದ್ದು, ತುಟಿ ದುಂಡಗಾದದ್ದು, ಕೆನ್ನೆ ಉಬ್ಬಿದ್ದು ಕ್ಯಾಮೆರಾಕ್ಕೆ ತಿಳಿಯುತ್ತದೆ. ಆದ್ದರಿಂದ ತುಟಿಯಲ್ಲಿ ಹುಟ್ಟುವ ಪ, ಬ, ಮ ಮತ್ತು ಆ, ಈ, ಊ ಸ್ವರಗಳಿಗೆ ಇದು ತಮಾಷೆಯ ಕನ್ನಡಿ. ಬಾಯಿ ಸ್ಪಷ್ಟವಾಗಿ ಕಾಣುವ ಫಿಲ್ಟರ್ ಆರಿಸಿ, ತುಟಿಯನ್ನೇ ವಿಕಾರ ಮಾಡುವುದು ಬೇಡ. ನೀವೂ ಅದೇ ಪರದೆಯಲ್ಲಿ ಕೆನ್ನೆಗೆ ಕೆನ್ನೆ ಇಟ್ಟು ಕೂರಿ.

ಆದರೆ ಕ, ಗ ಹುಟ್ಟುವುದು ನಾಲಿಗೆಯ ಹಿಂಭಾಗದಲ್ಲಿ. ಟ, ಣ, ಳ ಹೇಳುವಾಗ ನಾಲಿಗೆಯ ತುದಿ ಮೇಲಕ್ಕೆ ಮಡಚಿ ಒಳಗೆ ಹೋಗುತ್ತದೆ. ಇದನ್ನು ಯಾವ ಫೋನಿನ ಕ್ಯಾಮೆರಾವೂ ನೋಡಲಾರದು. "ನಮ್ಮ ಆ್ಯಪ್ ಎಲ್ಲ ಅಕ್ಷರ ತಿದ್ದುತ್ತದೆ" ಎಂಬ ಜಾಹೀರಾತನ್ನು ನಂಬಿ ನಾನು ಒಂದು ತಿಂಗಳು ದುಡ್ಡು ಕಟ್ಟಿದ್ದೆ. ಮಗ "ತಾಗೆ" ಅಂದರೂ ಅದು ಚಪ್ಪಾಳೆ ತಟ್ಟಿತು, ಸರಿಯಾಗಿ "ಕಾಗೆ" ಅಂದಾಗ ತಪ್ಪು ಅಂದಿತು. ದೊಡ್ಡವರ ದನಿಗೆ ಪಳಗಿದ ಯಂತ್ರಕ್ಕೆ ಮೂರು ವರ್ಷದ ಮಗುವಿನ ಕನ್ನಡ ಹಿಡಿಯುವುದು ಸುಲಭವಲ್ಲ. ಸರಿ ತಪ್ಪು ಹೇಳುವ ಕೆಲಸ ನಿಮ್ಮ ಕಿವಿಗೇ ಇರಲಿ. ಪೀಪಿ ಊದಿಸುವುದು, ನಾಲಿಗೆ ಹೊರಗೆ ಹಾಕಿ ಅತ್ತಿತ್ತ ಆಡಿಸುವುದು ಇಂಥ ಕಸರತ್ತಿನಿಂದ ಉಚ್ಚಾರ ಸರಿಯಾಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಫಿಲ್ಟರಿನಲ್ಲಿ ಮಾಡಿಸಿದರೂ ಅಷ್ಟೇ.

ಕೆಲಸಕ್ಕೆ ಬರುವುದು ಜೋಡಿ ಪದಗಳು. ಒಂದೇ ಅಕ್ಷರದಲ್ಲಿ ಅರ್ಥ ಬದಲಾಗುವಂಥವು: ಕಾಯಿ–ತಾಯಿ, ಕಟ್ಟೆ–ತಟ್ಟೆ, ಬಲೆ–ಬಳೆ. ಥೆರಪಿಸ್ಟ್ ಹಾಗೆ ಹೇಳಿಕೊಟ್ಟ ಮೇಲೆ ನಮಗೆ ಸಿಕ್ಕಿದ ಚಿನ್ನದಂಥ ಜೋಡಿ ಹುಲಿ–ಹುಳಿ. ಇದು ಅವನಿಗೆ ಐದು ಹತ್ತಿರ ಬಂದ ಮೇಲಿನ ಮಾತು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ನೆಲ್ಲಿಕಾಯಿಯಷ್ಟು ಹುಣಸೆಹುಳಿ. ಅವನು ಏನು ಹೇಳುತ್ತಾನೋ ಅದನ್ನೇ ಕೊಡುವುದು ನಿಯಮ. ಅವನಿಗೆ ಬೇಕಾದದ್ದು ಹುಳಿ, ಬಾಯಲ್ಲಿ ಬಂದದ್ದು "ಹುಲಿ". ಚಾಪೆಯ ಮೇಲೆ ಹುಲಿ ನಿಲ್ಲಿಸಿದೆ. "ಅದಲ್ಲ!" ಮತ್ತೆ "ಹುಲಿ". ಇನ್ನೊಮ್ಮೆ ಹುಲಿಯೇ ಬಂತು. ನಾಲ್ಕನೆಯ ಸಲ ನನ್ನ ಬಾಯನ್ನೇ ದಿಟ್ಟಿಸಿ, ನಾಲಿಗೆಯನ್ನು ಎಲ್ಲೋ ಒಳಗೆ ಹುಡುಕಾಡಿ, "ಹು...ಳಿ" ಎಂದ. ಹುಣಸೆ ಬಾಯಿಗೆ ಬಿತ್ತು, ಒಂದು ಕಣ್ಣು ಮುಚ್ಚಿತು. ತಪ್ಪು ಹೇಳಿದರೆ ಬೇರೆಯದೇ ಬರುತ್ತದೆ ಎಂಬುದು ಬೈಗುಳಕ್ಕಿಂತ ಬೇಗ ತಿದ್ದುತ್ತದೆ. ನಿಮ್ಮ ಮನೆಯ ಮಾತಿನಲ್ಲೇ ಎಲ್ಲರೂ ಳವನ್ನು ಲ ಎನ್ನುವುದಾದರೆ ಮಾತ್ರ ಇದನ್ನು ಬಿಡಿ, ಅದು ದೋಷವಲ್ಲ, ಮನೆಯ ನುಡಿ.

ಲೆಕ್ಕದ ಪುಸ್ತಕ

ಒಂದು ಹಳೆಯ ನೋಟುಪುಸ್ತಕ ಸಾಕು. ದಿನಾಂಕ, ಆ ದಿನದ ಪದ, ಹತ್ತು ಅವಕಾಶದಲ್ಲಿ ಸಹಾಯವಿಲ್ಲದೆ ಬಂದದ್ದು ಎಷ್ಟು. ಮೂರು ದಿನ ಬಿಡದೆ ಹತ್ತಕ್ಕೆ ಎಂಟು ಬಂದರೆ ನಾವು ಮುಂದಿನದಕ್ಕೆ ಹೋಗುತ್ತಿದ್ದೆವು. ಇನ್ನೊಂದು ಪುಟ ಹೆಚ್ಚು ಮುಖ್ಯ: ಫೋನಿಲ್ಲದೆ ಹೊರಗೆ ಎಲ್ಲಿ ಹೇಳಿದ ಎಂಬುದು. ನವರಾತ್ರಿಯಲ್ಲಿ ಹುಲಿವೇಷದ ತಾಸೆಯ ಸದ್ದು ಕೇಳಿ ಓಡಿಹೋದಾಗ ಅಪ್ಪನ ಹೆಗಲ ಮೇಲಿಂದ "ಪಿಲಿ ಲಾರಿ ಮೇಲೆ ಉಂಟು" ಎಂದದ್ದು ಆ ಪುಟದ ಮೊದಲ ಸಾಲು. ಎರಡು ವಾರ ಕಳೆದರೂ ಆ ಪುಟ ಖಾಲಿ ಇದ್ದರೆ ಮಗು ಕಲಿತದ್ದು ಮಾತಲ್ಲ, ಆ ಆಟ. ಥೆರಪಿಸ್ಟ್ ಹತ್ತಿರ ಗುರಿ ಬದಲಿಸಿಕೊಳ್ಳಿ.

ಅವರಿಗೆ ತೋರಿಸಲು ವಾರಕ್ಕೆ ಒಂದು ನಿಮಿಷದ ವಿಡಿಯೋ ತೆಗೆಯಿರಿ, ಫ್ಯಾಮಿಲಿ ಗ್ರೂಪಿಗೆ, ಸ್ಟೇಟಸ್ಸಿಗೆ ಬೇಡ. ಅವನು ತೊದಲಿದ್ದು ಮುಂದೆ ಅವನ ಕ್ಲಾಸಿನವರ ಕೈಗೆ ಸಿಗುವುದು ಯಾಕೆ? ಮುಖದ ಫಿಲ್ಟರ್ ಆ್ಯಪ್‌ಗಳಿಗೆ ಕ್ಯಾಮೆರಾ, ಮೈಕ್ ಅನುಮತಿಯನ್ನು 'ಬಳಸುವಾಗ ಮಾತ್ರ' ಎಂದು ಇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಓದದೆ 'ಅಗ್ರೀ' ಒತ್ತಿದರೆ ಆ ಒಪ್ಪಿಗೆ ನೀವೇ ಕೊಟ್ಟಂತೆ.

ಪಾರ್ಶ್ವವಾಯುವಿನ ನಂತರ ಮಾತು ಹೋದವರಿಗೆ

ಹಲವರು ಇದನ್ನೂ ಕೇಳುತ್ತಾರೆ, ಚಿಕ್ಕದಾಗಿ ಹೇಳುತ್ತೇನೆ. ದೊಡ್ಡವರಿಗೆ ಎಆರ್ ಅಷ್ಟು ಬೇಕಾಗುವುದಿಲ್ಲ. ಸಣ್ಣ ಪರದೆ, ನಡುಗುವ ಕೈ, ಕೆಲವರಿಗೆ ಒಂದು ಬದಿಯ ನೋಟವೇ ಇರುವುದಿಲ್ಲ. ಎದುರಿಗೆ ನಿಜವಾದ ವಸ್ತು ಇಟ್ಟು, ಹೆಸರು ಬಾರದಿದ್ದರೆ ಅದರ ಸುತ್ತ ಕೇಳಿ: ಎಂತಕ್ಕೆ ಬೇಕು, ಎಲ್ಲಿ ಇರುತ್ತದೆ, ಯಾರು ಬಳಸುತ್ತಾರೆ, ಕೊನೆಗೆ ಮೊದಲ ಅಕ್ಷರ. ಮನೆಗೆ ತರಲಾಗದ ಅವರ ಹಳೆಯ ಕೆಲಸದ ವಸ್ತುವಿಗೆ ಮಾತ್ರ ಎಆರ್ ಹಿಡಿಯಬಹುದು. ಬಂದರಿನಲ್ಲಿ ದುಡಿದವರ ಎದುರು ಮೇಜಿನ ಮೇಲೆ ಒಂದು ದೋಣಿ ನಿಂತರೆ ಮಾತಿಗೆ ಒಂದು ಎಳೆ ಸಿಕ್ಕೀತು. ಮಕ್ಕಳ ಆ್ಯಪಿನ ಚಪ್ಪಾಳೆ, ನಕ್ಷತ್ರ ಬೇಡ. ಬುದ್ಧಿ ಪೂರ್ತಿ ಇರುವವರಿಗೆ ಅದು ಅವಮಾನ.

ಫೋನನ್ನು ಕಡಿಮೆ ಮಾಡುತ್ತಾ ಬರುವುದು

ಒಂದು ಪದ ಕೂತ ಮೇಲೆ ಆ ಪದಕ್ಕೆ ಫೋನು ಬೇಡ. ಮೊದಲ ವಾರ ಐದು ನಿಮಿಷ ಇದ್ದದ್ದು ಎರಡನೆಯ ವಾರ ಮೂರಕ್ಕೆ ಇಳಿಯಲಿ. ಮೂರನೆಯ ವಾರ ದಿನ ಬಿಟ್ಟು ದಿನ. ನಾಲ್ಕನೆಯ ವಾರ ಅದೇ ಹೊತ್ತಿಗೆ ಅದೇ ಚಾಪೆ ಹಾಸಿ, ಫೋನು ಮಾತ್ರ ತರಬೇಡಿ. ನಾನು ಹಾಗೆ ಮಾಡಿದ ದಿನ ಮಗ ಬಂದು ಕೂತ, ನನ್ನ ಖಾಲಿ ಕೈ ನೋಡಿದ. "ಹುಲಿ ಎಲ್ಲಿ ಉಂಟು?" ಎಂದು ಎಂದಿನಂತೆ ಕೇಳಿದೆ. ಐದರವರೆಗೆ ಎಣಿಸಿದೆ, ಏಳರವರೆಗೂ ಎಣಿಸಿದೆ.

"ಹುಲಿ ಇಲ್ಲ," ಎಂದ. ಚಾಪೆಯನ್ನು ತಟ್ಟಿದ. "ಚಾಪೆ ಮೇಲೆ ನಾನು."